ಹಳ್ಳಕ್ಕೆ ಗೊತ್ತಾಗದ ಹಾಗೆ

ಜೂನ್ 9, ಸೋಮವಾರ

ಇವತ್ತಿನಿಂದ ನಾನು ಎರಡು ಪುಸ್ತಕ ಬರೆಯಬೇಕು. ಒಂದು ಕಚೇರಿಯದು. ಅದರಲ್ಲಿ ಮಳೆ ಎಷ್ಟು ಬಿತ್ತು, ನೀರು ಎಲ್ಲಿ ನಿಂತಿತು, ಎಲ್ಲಿಂದ ಹೊರಗೆ ಹೋಯಿತು ಎಂದು ತುಂಬಿ ಕೆಳಗೆ ಸಹಿ ಹಾಕಬೇಕು. ಬೈಯುವುದಕ್ಕೆ ಅದರಲ್ಲಿ ಜಾಗವಿಲ್ಲ. ಅದಕ್ಕೇ ಈ ಎರಡನೆಯ ಪುಸ್ತಕ. ಇದನ್ನು ಯಾರೂ ಓದಬಾರದು. ನನ್ನ ಹೆಂಡತಿಯಂತೂ ಓದಲೇಬಾರದು.

ಇಪ್ಪತ್ತಾರು ವರ್ಷದಿಂದ ಕಟ್ಟಡ ಕಟ್ಟುವ ಕಡೆಯೆಲ್ಲ ಪಂಪು ನಡೆಸಿಕೊಂಡು ಬಂದವನು ನಾನು. ಮಳೆ ಬಂದು ಪಾಯದ ಗುಂಡಿ ತುಂಬಿತೆಂದರೆ ಎಲ್ಲರ ಬಾಯಲ್ಲೂ ಒಂದೇ ಮಾತು: "ಮೋಟಾರಣ್ಣನ್ನ ಕರೀರಿ!" ನಾನು ಬಂದ ಒಂದು ಗಂಟೆಯಲ್ಲಿ ಗುಂಡಿ ಒಣಗಿರುತ್ತದೆ. ಎರಡು ಗಂಟೆ ಹಿಡಿದ ದಿನ ನನಗೆ ಊಟ ಸೇರುವುದಿಲ್ಲ. ಆ ನೀರು ಎಲ್ಲಿಗೆ ಹೋಯಿತು ಎಂದು ಇಷ್ಟು ವರ್ಷದಲ್ಲಿ ಒಬ್ಬನಾದರೂ ಕೇಳಿದ್ದಿಲ್ಲ. ಹೊರಗೆ ಹೋಯಿತು, ಅಷ್ಟೇ.

ಕಳೆದ ಮಂಗಳವಾರವೂ ಅದನ್ನೇ ಮಾಡಿದ್ದು. ಗುಂಡಿಯಲ್ಲಿ ಎದೆಮಟ್ಟ ನೀರಿತ್ತು. ಪೈಪನ್ನು ರಸ್ತೆ ಬದಿಯ ಮಳೆನೀರಿನ ಮೋರಿಗೆ ಬಿಟ್ಟು ಐವತ್ತು ನಿಮಿಷದಲ್ಲಿ ಖಾಲಿ ಮಾಡಿದೆ. ದೊಡ್ಡ ಇಂಜಿನಿಯರ್ ಸಾಹೇಬರೇ ಬಂದು ಬೆನ್ನು ತಟ್ಟಿದರು. ಆ ಮೋರಿ ಹಿಂದಿನ ಹಳ್ಳಕ್ಕೆ ಸೇರುತ್ತದೆ. ಹಳ್ಳ ಕೆಳಗೆ ನನ್ನ ಅಕ್ಕನ ಮೀನುಮರಿ ಕೇಂದ್ರದ ಪಕ್ಕದಲ್ಲೇ ಹರಿಯುತ್ತದೆ. ಅವಳ ತೊಟ್ಟಿಗಳಿಗೆ ನೀರು ಬರುವುದು ಅಲ್ಲಿಂದಲೇ.

ಬುಧವಾರ ಬೆಳಿಗ್ಗೆ ಅಕ್ಕ ಒಂದು ಬಕೆಟ್ ಹಿಡಿದುಕೊಂಡು ನಮ್ಮ ಕಚೇರಿಗೆ ಬಂದಳು. ನಕ್ಷೆಗಳ ಮೇಲೇ ಅದನ್ನು ಇಟ್ಟಳು. ಒಳಗೆ ಕೆಂಪು ನೀರು, ಮೇಲೆ ಸತ್ತ ಮರಿಗಳ ಕೆನೆ. ಇಂಜಿನಿಯರ್ ಏನೋ ಹೇಳುವುದಕ್ಕೆ ಬಾಯಿ ತೆರೆದರು. ಅವಳು ಅವರ ಕಡೆ ನೋಡಲೇ ಇಲ್ಲ. ಬಾಗಿಲಲ್ಲಿ ನಿಂತಿದ್ದ ನನ್ನನ್ನು ನೋಡಿ, "ಪಂಪು ಹಾಕಿದ್ದು ಯಾರು ಅಂತ ನಾನು ಕೇಳಲ್ಲ. ನಂಗೆ ಗೊತ್ತು" ಎಂದಳು. ಅಷ್ಟೇ. ಆಮೇಲೆ ನನ್ನ ಜೊತೆ ಮಾತಿಲ್ಲ.

ಅಮ್ಮ ಹೋದಾಗ ನನಗೆ ಆರು ವರ್ಷ, ಅವಳಿಗೆ ಹದಿನಾರು. ನನ್ನನ್ನು ಸಾಕಿದವಳು ಅವಳು. ಅಂಥವಳು ಹೀಗೆ ಮಾಡಬಹುದೇ? ಕೆಸರು ತಂದದ್ದು ಮಳೆ. ನಾನೇನು ಮಣ್ಣು ಕಲಸಿ ಬಿಟ್ಟೆನೇ?

ತಪಾಸಣೆಯವರು ಬಂದು ಹೋದರು. ಇವತ್ತು ಇಂಜಿನಿಯರ್ ನನ್ನನ್ನು ಕರೆದು, "ನೀನೇ ಕಲಕಿದ್ದು, ನೀನೇ ತಿಳಿ ಮಾಡು. ಇನ್ನೊಂದ್ ಸಲ ಕೆಂಪು ನೀರು ಹೊರಗೆ ಹೋದ್ರೆ ಕೆಲಸ ನಿಲ್ಲಿಸ್ತಾರಂತೆ. ಹಾಗೇನಾದ್ರೂ ಆದ್ರೆ ಮೊದಲು ಮನೆಗೆ ಹೋಗೋನು ನೀನು" ಎಂದರು. ಪಂಪಿನ ಬೀಗದ ಕೈ ಜೊತೆಗೆ ಆ ಕಚೇರಿಯ ಪುಸ್ತಕವನ್ನೂ ಕೈಗಿಟ್ಟರು. ಐವತ್ತು ದಾಟಿದ ಮೇಲೆ ಕೆಸರು ಕಾಯುವ ಕೆಲಸ. ನನ್ನ ಹಣೆಬರಹ.


ಜೂನ್ 10, ಮಂಗಳವಾರ

ತಪಾಸಣೆಯ ಮೇಡಂ ಪಾಠ ಹೇಳುವುದಕ್ಕೆ ಬಂದಿದ್ದರು. ಮಗಳ ವಯಸ್ಸು. ಕೈಯಲ್ಲಿ ಉದ್ದನೆಯ ಗಾಜಿನ ಕೊಳವೆ, ಅದರ ತಳದಲ್ಲಿ ಕಪ್ಪು ಬಿಳುಪಿನ ಒಂದು ಬಿಲ್ಲೆ, ಮೈಮೇಲೆ ಅರವತ್ತು ಗೆರೆ. ನೀರು ತುಂಬುತ್ತ ಹೋಗಿ ಮೇಲಿನಿಂದ ನೋಡಬೇಕು. ಎಷ್ಟನೆಯ ಗೆರೆಗೆ ಬಿಲ್ಲೆ ಕಣ್ಣಿಗೆ ಮರೆಯಾಗುತ್ತದೋ ಅದೇ ಆ ನೀರಿನ ಅಂಕ. ಮೂವತ್ತು ದಾಟಿದರೆ ಮಾತ್ರ ಹೊರಗೆ ಬಿಡಬಹುದು.

ನಮ್ಮ ಗುಂಡಿಯ ನೀರು ತುಂಬಿದೆವು. ಎರಡನೆಯ ಗೆರೆಗೇ ಬಿಲ್ಲೆ ಮಾಯ.

"ಪರವಾಗಿಲ್ಲ, ಇಲ್ಲಿಂದ ಶುರು ಮಾಡೋಣ" ಎಂದರು ಮೇಡಂ. ನನ್ನನ್ನು ಸಮಾಧಾನ ಮಾಡುತ್ತಿದ್ದಾರಂತೆ! ಇಳಿಜಾರಿನ ಕೆಳಗೆ ಬಟ್ಟೆಯ ಬೇಲಿ ಕಟ್ಟಬೇಕು, ಮೋರಿಯ ಬಾಯಿಗೆ ಜಲ್ಲಿ ಚೀಲ ಇಡಬೇಕು ಎಂದೆಲ್ಲ ಬರೆಸಿದರು. ಮಳೆಯನ್ನು ಬಟ್ಟೆ ಕಟ್ಟಿ ತಡೆಯುವುದು! ನಗು ತಡೆಯಲಾಗದೆ ಕೆಮ್ಮಿದೆ.


ಜೂನ್ 12, ಗುರುವಾರ

ಬಟ್ಟೆ ಬೇಲಿ ಕಟ್ಟಿದೆವು. ಮಧ್ಯಾಹ್ನ ಕಾಲು ಗಂಟೆ ಮಳೆ. ನೀರು ಬೇಲಿಯ ಅಡಿಯಲ್ಲಿ ನುಸುಳಿ ಹೊರಟಿತು. ಬಟ್ಟೆಗೆ ಒಂದು ಹನಿ ಸೋಕಿರಲಿಲ್ಲ. ಮೇಡಂಗೆ ಫೋನು ಮಾಡಿ ಹೇಳಿದೆ, ಒಳಗೊಳಗೇ ಖುಷಿಯಿಂದ.

"ಬಟ್ಟೆಯ ಬುಡ ನೆಲದೊಳಗೆ ಹೂತಿದ್ದೀರಾ?"

ಹೂತಿರಲಿಲ್ಲ. ಸಂಜೆಯವರೆಗೆ ಗೇಣು ಆಳ ಅಗೆದು ಬುಡ ಹೂತು ಮಣ್ಣು ತುಳಿದೆವು. ಸೊಂಟ ನೋವು.


ಜೂನ್ 15, ಭಾನುವಾರ

ಹೆಂಡತಿ ಅಕ್ಕನ ಮನೆಗೆ ಹೋಗಿ ಬಂದಳು. ಅವರಿಬ್ಬರಿಗೆ ಮಾತಿದೆ, ನಗು ಇದೆ, ಎಲ್ಲ ಇದೆ. ಮಧ್ಯದಲ್ಲಿ ನಾನೊಬ್ಬ ಪಾಪಿ.

"ಏನಂದ್ಳು?" ಎಂದು ಕೇಳಿದೆ, ಪೇಪರು ಓದುವವನಂತೆ.

"ಯಾರು?"

"ಯಾರೂ ಅಂದ್ರೆ! ಅಕ್ಕ."

"ಏನಿಲ್ಲ ರೀ. ದೊಡ್ಡ ಮೀನುಗಳು ಉಳಿದಿವೆಯಲ್ಲ, ಅವನ್ನ ಜುಲೈ ಮೊದಲ ವಾರ ಇನ್ನೊಂದ್ ಸಲ ಮೊಟ್ಟೆಗೆ ಬಿಡ್ತಾರಂತೆ. ಈ ವರ್ಷಕ್ಕೆ ಅದೇ ಕೊನೆ. ಬಾವಿ ನೀರು ಅರ್ಧ ತೊಟ್ಟಿಗೂ ಸಾಲದು, ಹಳ್ಳದ ನೀರೇ ಬೇಕು. ಇದೂ ಹೋದ್ರೆ ಮರಿ ಕೇಂದ್ರಾನೇ ಮುಚ್ಚಿಬಿಡ್ತೀನಿ ಅಂದ್ರು."

"ಮುಚ್ಚೋದಾ? ಇಷ್ಟಕ್ಕೆಲ್ಲ?"

ಹೆಂಡತಿ ನನ್ನನ್ನು ಒಂದು ಥರ ನೋಡಿ ಒಳಗೆ ಹೋದಳು. ಸರಿ, ನೋಡಲಿ. ಜುಲೈಗೆ ಮುಂಚೆ ಕನ್ನಡಿಯಂಥ ನೀರು ಬಿಟ್ಟು ಇಬ್ಬರ ಬಾಯಿಗೂ ಬೀಗ ಹಾಕುತ್ತೇನೆ.


ಜೂನ್ 17, ಮಂಗಳವಾರ

ಮೋರಿಗೆ ಮುಂಚೆ ಒಂದು ಉದ್ದ ಕೊಳ ತೋಡಿದೆವು. ಗುಂಡಿಯ ನೀರು ಮೊದಲು ಇದಕ್ಕೆ ಬರಬೇಕು, ನಿಂತು ಮಣ್ಣು ಇಳಿಸಿ ಆಮೇಲೆ ಹೊರಗೆ ಹೋಗಬೇಕು. ತೋಡಿದವನು ಆನೆ. ಆನೆ ಎಂದರೆ ಅಗೆಯುವ ಯಂತ್ರದ ಚಾಲಕ. ಆಳು ಸಣಕಲ, ಹೆಸರು ಮಾತ್ರ ಆನೆ.

ಆದರೆ ಈ ಹಾಳು ಜೇಡಿಮಣ್ಣು ಇಳಿಯುವುದೇ ಇಲ್ಲ. ಮರಳು ಇಳಿಯಿತು, ಒರಟು ಮಣ್ಣು ಇಳಿಯಿತು, ನೀರು ಮಾತ್ರ ಹಾಲು ಹಾಕಿದ ಚಹಾ ಇದ್ದ ಹಾಗೇ ಇದೆ. ಐದು ಬಾಟಲಿಯಲ್ಲಿ ತುಂಬಿ ಅಡುಗೆಮನೆಯ ಕಿಟಕಿಯಲ್ಲಿ ಸಾಲಾಗಿ ಇಟ್ಟಿದ್ದೇನೆ, ದಿನ ದಿನಕ್ಕೆ ನೋಡಬೇಕಲ್ಲ.

"ರೀ, ಈ ಕಿಟಕೀಲಿ ನನ್ನ ಸಾಮಾನಿಗೆ ಏನಾದ್ರೂ ಜಾಗ ಉಳಿದಿದೆಯಾ? ಉಪ್ಪಿನ ಡಬ್ಬಿ ಇಡೋಕೂ ನಿಮ್ಮನ್ನ ಕೇಳಬೇಕಾ ಇನ್ಮೇಲೆ?"

ಕೇಳಲಿಲ್ಲ, ಬಾಟಲಿ ಸರಿಸಿ ಇಟ್ಟಳು. ಮೂರನೆಯ ಬಾಟಲಿ ಅಲುಗಾಡಿ ಮತ್ತೆ ಕಲಕಿತು. ಕೂಗಾಡಿದೆ.


ಜೂನ್ 20, ಶುಕ್ರವಾರ

ಸಿಕ್ಕಿತು! ನನ್ನ ತಲೆಗೆ ನಾನೇ ಮುತ್ತು ಕೊಡಬೇಕು.

ಕೊಳದ ಮೂಲೆಯಲ್ಲಿ ಒಂದು ಕಡೆ ಮಾತ್ರ ನೀರು ತಿಳಿಯಾಗಿತ್ತು. ತಳದ ಕಲ್ಲು ಕಾಣಿಸುತ್ತಿತ್ತು. ಏಕೆ ಎಂದು ಅಲ್ಲೇ ಕುಕ್ಕರುಗಾಲಲ್ಲಿ ಕುಳಿತು ಯೋಚಿಸುತ್ತಿರುವಾಗ ಕಾಂಕ್ರೀಟ್ ಲಾರಿ ಬಂತು, ಚಾಲಕ ಲಾರಿಯಿಂದ ಕಾಂಕ್ರೀಟ್ ಸುರಿಯುವ ದೋಣಿ ತೊಳೆದು ಆ ಬೂದು ನೀರನ್ನು ಅದೇ ಮೂಲೆಗೆ ಬಿಟ್ಟ. ಮೊದಲಾಗಿದ್ದರೆ ಅವನಿಗೆ ಬಾಯಿಗೆ ಬಂದ ಹಾಗೆ ಬೈಯುತ್ತಿದ್ದೆ. ಈಗ ನೋಡುತ್ತ ಕುಳಿತೆ. ಬೂದು ನೀರು ಸೇರಿದ ಕಡೆ ಕೆಸರು ಹೆಪ್ಪುಗಟ್ಟಿ, ಮೊಸರೊಡೆದ ಹಾಗೆ ಒಡೆದು ತಳಕ್ಕೆ ಇಳಿಯಿತು. ಸಿಮೆಂಟು! ಸಿಮೆಂಟಿನ ನೀರು ಕೆಸರನ್ನು ಕೆಳಗೆ ಕೂರಿಸುತ್ತದೆ.

ಎಲ್ಲ ಲಾರಿ ಚಾಲಕರಿಗೂ ಹೇಳಿಬಿಟ್ಟೆ. ಇನ್ನು ಮೇಲೆ ಲಾರಿ ತೊಳೆಯುವುದು ನನ್ನ ಕೊಳದಲ್ಲಿ, ಬೇರೆ ಎಲ್ಲೂ ಅಲ್ಲ. ಅವರಿಗೂ ಸಂತೋಷ, ಹತ್ತಿರದಲ್ಲೇ ಆಯಿತು. ಮೇಡಂ ಕಲಿತ ಕಾಲೇಜಿನಲ್ಲಿ ಇದನ್ನು ಹೇಳಿಕೊಟ್ಟಿರಲಾರರು.


ಜೂನ್ 23, ಸೋಮವಾರ

ಅರವತ್ತು! ಕೊಳವೆ ತುಂಬಿ ತುಳುಕುವವರೆಗೆ ಬಿಲ್ಲೆ ಕಾಣುತ್ತಲೇ ಇತ್ತು. ಆನೆ, ಕಂಬಿ ಕಟ್ಟುವವರು, ಬಡಗಿ ಎಲ್ಲರನ್ನೂ ಕರೆದು ತೋರಿಸಿದೆ. ಇಂಜಿನಿಯರ್ ಸಾಹೇಬರು ಇಣುಕಿ ನೋಡಿ, "ಭಲೇ ಮೋಟಾರಣ್ಣ! ನಾಳೆ ಬೆಳಿಗ್ಗೆನೇ ಖಾಲಿ ಮಾಡು, ಗುಂಡಿ ನೀರಿಗೆ ಜಾಗ ಆಗ್ಲಿ" ಎಂದರು.

ಒಂದು ಬಾಟಲಿ ತುಂಬಿ ಹೆಂಡತಿಯ ಕೈಯಲ್ಲಿ ಅಕ್ಕನಿಗೆ ಕಳಿಸಿದೆ. ಏನೂ ಹೇಳಬೇಡ, ಸುಮ್ಮನೆ ಅವಳ ಮೇಜಿನ ಮೇಲೆ ಇಟ್ಟು ಬಾ ಎಂದೆ. ಅವಳು ಬಕೆಟ್ ಇಟ್ಟಿದ್ದಳಲ್ಲ, ನಾನು ಬಾಟಲಿ ಇಡುತ್ತೇನೆ.


ಜೂನ್ 24, ಮಂಗಳವಾರ

ಬೆಳಿಗ್ಗೆ ಎಂಟು ಗಂಟೆ. ಪೈಪು ಮೋರಿಗೆ ಜೋಡಿಸಿ ಪಂಪಿನ ಸ್ವಿಚ್ಚಿನ ಮೇಲೆ ಬೆರಳಿಟ್ಟಿದ್ದೆ.

"ಮುಟ್ಟಬೇಡ ಅದನ್ನ!"

ತಿರುಗಿ ನೋಡಿದರೆ ಅಕ್ಕ. ಅರವತ್ತೆರಡರ ಹೆಂಗಸು, ಆ ಏರಿನಲ್ಲಿ ಓಡಿಕೊಂಡು ಬಂದಿದ್ದಾಳೆ. ಏದುಸಿರು. ಕೂದಲು ಬಿಚ್ಚಿದೆ. ಕೈಯಲ್ಲಿ ನನ್ನ ಬಾಟಲಿ. ಇವತ್ತೇ ನೀರು ಬಿಡುವ ವಿಷಯ ಹೆಂಡತಿ ಹೇಳಿರಬೇಕು.

ನನ್ನ ಎದುರಿಗೇ ಬಾಟಲಿಯಲ್ಲಿ, ತೊಟ್ಟಿಯ ನೀರು ಪರೀಕ್ಷಿಸುವ ಒಂದು ಹಳದಿ ಕಾಗದದ ಚೂರು ಅದ್ದಿದಳು. ಕಾಗದ ಕಡುನೀಲಿಗೆ ತಿರುಗಿತು. ಅದನ್ನು ನನ್ನ ಮುಖದ ಹತ್ತಿರ ಹಿಡಿದಳು.

"ಇದು ನೀರಲ್ಲ ಕಣೋ, ಸುಣ್ಣ. ಸುಡೋ ಸುಣ್ಣ. ಕೆಸರಲ್ಲಿ ನನ್ನ ಮರಿಗಳು ಅರ್ಧ ದಿನ ಒದ್ದಾಡಿ ಸತ್ತವು. ಇದರಲ್ಲಿ ಅರ್ಧ ಗಂಟೆ ಸಾಕು. ಮರಿ ಅಲ್ಲ, ಹಳ್ಳದಲ್ಲಿರೋ ಏಡಿ ಕಪ್ಪೆ ಒಂದೂ ಉಳಿಯಲ್ಲ. ಕಣ್ಣಿಗೆ ಚೆನ್ನಾಗಿ ಕಂಡ್ರೆ ಸಾಕಾ ನಿನಗೆ?"

ಬಾಟಲಿಯನ್ನು ಪಂಪಿನ ಪಕ್ಕದಲ್ಲಿ ಇಟ್ಟು ಬಂದ ದಾರಿಯಲ್ಲೇ ಇಳಿದು ಹೋದಳು. ನಾನು ಪೈಪು ಬಿಚ್ಚತೊಡಗಿದೆ. ಆನೆ ಬಂದು ಇನ್ನೊಂದು ತುದಿ ಹಿಡಿದುಕೊಂಡ.


ಜೂನ್ 25, ಬುಧವಾರ

ಬೆರಳು ಸ್ವಿಚ್ಚಿನ ಮೇಲೇ ಇತ್ತು. ಒತ್ತುವುದೊಂದು ಬಾಕಿ.


ಜೂನ್ 27, ಶುಕ್ರವಾರ

ಮೇಡಂಗೆ ಎಲ್ಲವನ್ನೂ ಹೇಳಿದೆ. ಇಂಜಿನಿಯರ್ ಸಾಹೇಬರಿಗೆ ಮೈಯೆಲ್ಲ ಉರಿದುಹೋಯಿತು. "ಹೊರಗೆ ಹೋಗ್ಲೇ ಇಲ್ವಲ್ಲೋ ಆ ನೀರು! ಗೊತ್ತಿಲ್ಲದೆ ಇರೋರಿಗೆ ಯಾಕೆ ಹೇಳ್ತೀಯ?" ಎಂದು ಹಲ್ಲು ಕಡಿದರು. ಕಚೇರಿಯ ಪುಸ್ತಕದಲ್ಲಿ ಆಗಲೇ ಬರೆದು ಸಹಿ ಹಾಕಿದ್ದೇನೆ ಎಂದೆ. ಅದನ್ನು ಅವರು ನಿರೀಕ್ಷಿಸಿರಲಿಲ್ಲ.

ಮೇಡಂ ಬೈಯಲಿಲ್ಲ. ಬೈದಿದ್ದರೆ ಹಾಯಾಗಿರುತ್ತಿತ್ತು. ಆ ನೀರನ್ನು ಟ್ಯಾಂಕರಿನಲ್ಲಿ ತುಂಬಿಸಿ ಕಾಂಕ್ರೀಟ್ ಕಲಸುವ ಕಡೆಗೇ ವಾಪಸು ಕಳಿಸಿದರು, ಅಲ್ಲಿ ಕಲಸುವುದಕ್ಕೆ ಬಳಸುತ್ತಾರಂತೆ. ಆಮೇಲೆ ಕೊಳದ ದಂಡೆಯಲ್ಲಿ ನನ್ನ ಪಕ್ಕ ಕುಳಿತರು.

"ಅಣ್ಣಾ, ಮಣ್ಣು ನೀರಿಗೆ ಸೇರಿದ ಮೇಲೆ ತೆಗೆಯೋಕೆ ಒದ್ದಾಡ್ತಾ ಇದ್ದೀರಿ. ಸೇರದೇ ಇರೋ ಹಾಗೆ ಏನು ಮಾಡಬಹುದು? ಈ ಜಾಗ ನಿಮಗೆ ಗೊತ್ತಿರೋಷ್ಟು ನನಗೆ ಗೊತ್ತಿಲ್ಲ. ಮಳೆ ಬಂದಾಗ ನೀರಿನ ಹಿಂದೆ ನಡೆದು ನೋಡಿ."

ಮಧ್ಯಾಹ್ನ ಮಳೆ ಬಂತು. ಎಲ್ಲರೂ ಚಾವಣಿಯ ಕೆಳಗೆ ಓಡಿದಾಗ ನಾನು ಕೊಡೆ ಹಿಡಿದು ಹೊರಟೆ. ಇಷ್ಟು ವರ್ಷ ನೀರನ್ನು ಗುಂಡಿಯಲ್ಲಿ ಮಾತ್ರ ನೋಡಿದವನು ನಾನು. ಅದು ಎಲ್ಲಿಂದ ಬರುತ್ತದೆ ಎಂದು ನೋಡಿರಲೇ ಇಲ್ಲ. ಕೆಳಗಿನಿಂದ ಮೇಲಕ್ಕೆ ನಡೆದೆ. ನಮ್ಮ ಜಾಗದ ಗಡಿಬೇಲಿಯ ಮೇಲುಗಡೆ, ರಸ್ತೆಯ ಅಂಚಿನಲ್ಲಿ ನಿಂತು ನೋಡಿದರೆ ನೀರು ಸ್ವಚ್ಛ! ಮೇಲಿನ ಗುಡ್ಡದಿಂದ, ರಸ್ತೆಯಿಂದ ಇಳಿದು ಬರುವ ನೀರು ಅದು, ನಮ್ಮದಲ್ಲವೇ ಅಲ್ಲ. ನಮ್ಮ ಬೇಲಿ ದಾಟಿ, ನಾವು ಅಗೆದು ಬೆತ್ತಲೆ ಮಾಡಿದ ಇಳಿಜಾರಿನಲ್ಲಿ ಹರಿದು, ಲಾರಿಗಳ ಗಾಲಿಯ ಗುಳಿಯಲ್ಲಿ ಹೊರಳಿ ಕೆಂಪಾಗಿ ಗುಂಡಿಗೆ ಬೀಳುತ್ತದೆ. ಗುಂಡಿಯ ನೀರಿನಲ್ಲಿ ಅರ್ಧಕ್ಕಿಂತ ಹೆಚ್ಚು ಸುಮ್ಮನೆ ದಾರಿಹೋಕ ನೀರು. ಅದನ್ನು ಕರೆದು ಕೆಸರು ಹಚ್ಚಿ ಕಳಿಸುತ್ತಿದ್ದವರು ನಾವು.

ಜೂನ್ ಮೂರರ ಆ ಮಂಗಳವಾರ ನಾನು ಬಿಟ್ಟ ನೀರೂ ಹೀಗೇ ಆದದ್ದು.

ಕೊಡೆ ಹಿಡಿದಿದ್ದರೂ ಪೂರ್ತಿ ನೆನೆದಿದ್ದೆ. ಮನೆಯಲ್ಲಿ ಹೆಂಡತಿ ಟವೆಲು ಕೊಟ್ಟು, "ಕೊಡೆ ಯಾರಿಗೆ ಹಿಡಿದಿದ್ರಿ, ಮಳೆಗಾ?" ಎಂದಳು.


ಜುಲೈ 1, ಮಂಗಳವಾರ

ಮೂರು ದಿನ ಬರೆಯಲು ಪುರುಸೊತ್ತಿಲ್ಲ. ಮೇಲಿನ ಬೇಲಿಗುಂಟ ಕಾಲುವೆ ತೋಡಿದ್ದೇವೆ. ರಸ್ತೆಯ ನೀರು ಇನ್ನು ನಮ್ಮೊಳಗೆ ಬರದೆ ಸುತ್ತಿಕೊಂಡು ನೇರ ಹಳ್ಳಕ್ಕೆ ಹೋಗುತ್ತದೆ. ಕಾಲುವೆಯ ಮಣ್ಣೇ ಕೊಚ್ಚಿ ಹೋಗಬಾರದಲ್ಲ, ಅದಕ್ಕೆ ಕಲ್ಲು ಹಾಸಿದೆವು. ಇಳಿಜಾರಿನ ಮೇಲೆ ಒಣಹುಲ್ಲು ಹರಡಿದೆವು. ಲಾರಿಗಳು ಹೊರಗೆ ಹೋಗುವ ಬಾಗಿಲಲ್ಲಿ ದಪ್ಪ ಜಲ್ಲಿ. ಲಾರಿ ತೊಳೆಯುವುದಕ್ಕೆ ಬೇರೆ ಗುಂಡಿ, ಅದಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿ ಸುತ್ತ ಬದು ಕಟ್ಟಿದೆ. ಅಲ್ಲಿಂದ ಹನಿ ನೀರು ಹೊರಗೆ ಬಂದರೆ ಕೈ ಮುರಿಯುತ್ತೇನೆ ಎಂದು ಚಾಲಕರಿಗೆ ಹೇಳಿದ್ದೇನೆ. ಯಾರ ಕೈ ಎಂದು ಹೇಳಿಲ್ಲ.

ಪಂಪಿನ ವಿಷಯ ನನ್ನದೇ ಯೋಚನೆ. ಹೀರುವ ಪೈಪಿನ ಬಾಯಿ ಯಾವಾಗಲೂ ತಳದಲ್ಲಿ ಇರುತ್ತದೆ, ಇಳಿದ ಮಣ್ಣನ್ನೇ ಮೊದಲು ಎಳೆಯುತ್ತದೆ. ಒಂದು ಖಾಲಿ ಡ್ರಮ್ಮಿಗೆ ಅದನ್ನು ನೇತುಹಾಕಿ ಕೊಳದಲ್ಲಿ ತೇಲಿಬಿಟ್ಟೆ. ಈಗ ಪೈಪು ಮೇಲಿನ ತಿಳಿಯನ್ನು ಮಾತ್ರ ಕುಡಿಯುತ್ತದೆ. ಆದರೆ ಕಾಲು ಭಾಗ ವೇಗಕ್ಕಿಂತ ಜಾಸ್ತಿ ತೆರೆಯುವ ಹಾಗಿಲ್ಲ, ತೆರೆದರೆ ತಳ ಕದಡುತ್ತದೆ. ಗುಂಡಿ ಖಾಲಿಯಾಗುವುದಕ್ಕೆ ಒಂದು ಗಂಟೆಯಲ್ಲ, ಒಂದೂವರೆ ದಿನ.

ಆನೆ ನನಗೆ ಹೊಸ ಹೆಸರಿಟ್ಟಿದ್ದಾನೆ. ನಿಧಾನಣ್ಣ. ಇವತ್ತು ಅಡುಗೆಯವನೂ ಹಾಗೇ ಕೂಗಿದ. ಕೂಗಿದ್ದಕ್ಕೆ ಓಗೊಟ್ಟು ಊಟಕ್ಕೆ ಹೋದೆ.


ಜುಲೈ 3, ಗುರುವಾರ

ಇಂಜಿನಿಯರ್ ಸಾಹೇಬರ ಜೊತೆ ಜಗಳ. ಪೂರ್ವದ ಇಳಿಜಾರನ್ನು ಈ ವಾರವೇ ಪೂರ್ತಿ ಅಗೆಯಬೇಕೆಂದರು. ಅರ್ಧ ಅಗೆದು, ಮುಚ್ಚಿ, ಆಮೇಲೆ ಇನ್ನರ್ಧ ಎಂದೆ.

"ಕೆಲಸ ಹೇಗೆ ಮಾಡಬೇಕು ಅಂತ ನೀನು ಹೇಳಿಕೊಡ್ತೀಯಾ ನನಗೆ?"

"ಕೆಲಸ ನೀವು ಹೇಳಿ ಸಾರ್. ಮಣ್ಣು ಎಷ್ಟು ಬಿಚ್ಚಬೇಕು ಅಂತ ನಾನು ಹೇಳ್ತೀನಿ. ನಮ್ಮ ಹಳ್ಳಕ್ಕೆ ಹೋಗೋ ನೀರಿಗೆ ಸಹಿ ಹಾಕೋನು ನಾನು."

ಅವರು ಆನೆಗೆ ಅಗೆಯಲು ಹೇಳಿದರು. ಆನೆ ಯಂತ್ರದಿಂದ ಇಳಿದು, "ಸಾರ್, ಡೀಸೆಲ್ ಮುಗಿದಿದೆ" ಎಂದ. ಯಂತ್ರ ಓಡುತ್ತಲೇ ಇತ್ತು. ಅದರ ಸದ್ದಿನಲ್ಲೇ ಅಷ್ಟು ಜೋರಾಗಿ ಹೇಳಿದ. ಕಂಬಿ ಕಟ್ಟುವವರು ಬಿದ್ದು ಬಿದ್ದು ನಕ್ಕರು. ಕೊನೆಗೆ ಸಾಹೇಬರಿಗೂ ನಗು ತಡೆಯಲಾಗಲಿಲ್ಲ. ಅರ್ಧ ಇಳಿಜಾರಿಗೆ ಒಪ್ಪಿದರು.


ಜುಲೈ 6, ಭಾನುವಾರ

ಮೊಟ್ಟೆ ಬಿಡಲೆಂದು ಅಕ್ಕ ನಿನ್ನೆ ಮೀನುಗಳಿಗೆ ಸೂಜಿಮದ್ದು ಹಾಕಿದಳಂತೆ. ಇವತ್ತು ಮೊಟ್ಟೆ ಬಿಟ್ಟಿವೆ. ನಾಳೆ ಮರಿಯಾಗುತ್ತವೆ. ಆಮೇಲೆ ಎರಡು ಮೂರು ದಿನ ತೊಟ್ಟಿಯಲ್ಲಿ ನೀರು ಹರಿಯುತ್ತಲೇ ಇರಬೇಕು, ನಿಂತರೆ ಉಸಿರು ಕಟ್ಟುತ್ತವೆ. ಎಲ್ಲ ಹೆಂಡತಿ ಹೇಳಿದ್ದು.

ಮಂಗಳವಾರ ಭಾರಿ ಮಳೆಯಂತೆ, ರೇಡಿಯೋದಲ್ಲಿ ಹೇಳಿದರು. ಹೆಂಡತಿ ಕೇಳಿಸಿಕೊಂಡು ರೇಡಿಯೋ ಆರಿಸಿದಳು. ಭಾನುವಾರವಾದರೂ ಊಟ ಮಾಡಿ ಕೆಲಸದ ಜಾಗಕ್ಕೆ ಹೋಗಿ ಕಾಲುವೆ ಉದ್ದಕ್ಕೂ ಒಮ್ಮೆ ನಡೆದು ಬಂದೆ. ಹುಲ್ಲು ಎರಡು ಕಡೆ ತೆಳ್ಳಗಾಗಿತ್ತು, ಹರಡಿದೆ.


ಜುಲೈ 8, ಮಂಗಳವಾರ

ಎಷ್ಟು ಹೊತ್ತಾದರೂ ಸರಿ, ಬರೆದೇ ಮಲಗುವುದು.

ಮಧ್ಯಾಹ್ನ ಒಂದೂವರೆಗೆ ಹಿಡಿದ ಮಳೆ. ಅಂಥ ಮಳೆ ಈ ವರ್ಷ ಬಿದ್ದಿರಲಿಲ್ಲ. ಎದುರು ನಿಂತವನ ಮುಖ ಕಾಣದು. ಮೊದಲ ಅರ್ಧ ಗಂಟೆ ಎಲ್ಲ ಹೇಳಿದ ಹಾಗೆ ನಡೆಯಿತು. ರಸ್ತೆಯ ನೀರು ಕಾಲುವೆಗೆ ತಿರುಗಿ ಸುತ್ತಿಕೊಂಡು ಹೋಯಿತು. ಹುಲ್ಲು ಮಣ್ಣನ್ನು ಹಿಡಿದುಕೊಂಡಿತು. ಗುಂಡಿಯಲ್ಲಿ ಮೊಣಕಾಲುಮಟ್ಟ ಮಾತ್ರ ನೀರು.

ಎರಡೂವರೆಗೆ ಇಂಜಿನಿಯರ್ ಸಾಹೇಬರು ಮಳೆಕೋಟು ಹಾಕಿಕೊಂಡು ಓಡಿ ಬಂದರು. ಗುಂಡಿಯಲ್ಲಿ ಕಟ್ಟಿಟ್ಟ ಕಂಬಿ ಮುಳುಗುತ್ತಿತ್ತು, ನಾಳೆ ಕಾಂಕ್ರೀಟ್ ಹಾಕಬೇಕಿತ್ತು.

"ಪೂರ್ತಿ ತೆರಿ ಪಂಪನ್ನ! ಒಂದೇ ಗಂಟೆ! ನಿನಗೆ ಅದೇನು ಹೊಸದಾ?"

"ಇಲ್ಲ ಸಾರ್."

"ಏನು ಇಲ್ಲ?"

"ತೆರೆಯಲ್ಲ. ಕಾಂಕ್ರೀಟ್ ಇನ್ನೆರಡು ದಿನ ತಡವಾಗ್ಲಿ. ಕೆಳಗೆ ಮರಿಗಳಿವೆ."

ಬೀಗದ ಕೈ ಕೊಡು ಎಂದು ಕೈ ಚಾಚಿದರು. ನಾನು ಕೊಡಲಿಲ್ಲ. ಆಗಲೇ ಮೇಲಿನಿಂದ ಬಡಗಿ ಕೂಗಿದ: "ಕಾಲುವೆ ಹೋಗ್ತಾ ಇದೆ!"

ಗಾಳಿಗೆ ಎಲ್ಲಿಂದಲೋ ಹಾರಿ ಬಂದ ಒಂದು ಪ್ಲೈವುಡ್ ಹಲಗೆ ಕಾಲುವೆಗೆ ಅಡ್ಡ ಸಿಕ್ಕಿಕೊಂಡು, ನೀರು ಅಲ್ಲಿ ಉಕ್ಕಿ ಕಾಲುವೆಯ ಮಣ್ಣಿನ ಬದುವನ್ನು ಕೊರೆಯುತ್ತಿತ್ತು. ಅದು ಒಡೆದರೆ ಗುಡ್ಡದ ಅಷ್ಟೂ ನೀರು ಇಳಿಜಾರಿನ ಮೇಲೆ ನುಗ್ಗಿ, ಹುಲ್ಲು, ಮಣ್ಣು, ಕೊಳ ಎಲ್ಲವನ್ನೂ ಎತ್ತಿಕೊಂಡು ಹಳ್ಳಕ್ಕೆ ಇಳಿಯುತ್ತಿತ್ತು. ಓಡಿದೆ. ನಾನು ಓಡಿ ಎಷ್ಟು ವರ್ಷವಾಯಿತೋ.

ಹಲಗೆ ಎಳೆದರೆ ಬರಲಿಲ್ಲ. ಬದುವಿನ ಬಾಯಿ ಮೊಳದಷ್ಟು ತೆರೆದಿತ್ತು. ಮರಳು ಚೀಲ ಇಟ್ಟರೆ ನೀರು ತಳ್ಳಿಕೊಂಡು ಹೋಗುತ್ತಿತ್ತು. ಬೇರೆ ದಾರಿ ಕಾಣದೆ ಚೀಲ ಇಟ್ಟು ಅದರ ಮೇಲೆ ನಾನೇ ಮಲಗಿಬಿಟ್ಟೆ. ಬೆನ್ನ ಮೇಲೆ ನೀರು. ಪಕ್ಕದಲ್ಲಿ ಇನ್ನೊಂದು ಚೀಲ ಬಿತ್ತು, ಅದರ ಮೇಲೆ ಬಡಗಿ ಬಿದ್ದ. ಕಂಬಿ ಕಟ್ಟುವವರು ಸಾಲಾಗಿ ನಿಂತು ಕೈಯಿಂದ ಕೈಗೆ ಚೀಲ ದಾಟಿಸಿದರು. ಆ ಸಾಲಿನ ಕೊನೆಯಲ್ಲಿ ಮಳೆಕೋಟು ಹರಿದುಕೊಂಡು ಚೀಲ ಎತ್ತಿ ಕೊಡುತ್ತಿದ್ದವರು ಇಂಜಿನಿಯರ್ ಸಾಹೇಬರು! ಆನೆ ಯಂತ್ರದ ಕೈ ಚಾಚಿ ಹಲಗೆಯ ಅಂಚಿಗೆ ಹಲ್ಲು ಸಿಕ್ಕಿಸಿ, ನನ್ನ ತಲೆಯ ಮೇಲೆ ಎರಡೇ ಮೊಳ ಎತ್ತರದಲ್ಲಿ ಅದನ್ನು ಕಿತ್ತು ಆಚೆ ಎಸೆದ. ನೀರು ಒಮ್ಮೆಲೇ ಕಾಲುವೆಗೆ ಇಳಿಯಿತು. ಬದು ನಿಂತಿತು.

"ನಿಧಾನಣ್ಣಾ, ಇದ್ದೀಯಾ?" ಎಂದು ಆನೆ ಮೇಲಿನಿಂದ ಕೂಗಿದ.

"ಇದ್ದೀನೋ! ನಿಧಾನವಾಗಿ ಏಳ್ತಾ ಇದ್ದೀನಿ!"

ಮಳೆಯಲ್ಲೇ ಎಲ್ಲರೂ ಹುಚ್ಚರ ಹಾಗೆ ನಕ್ಕೆವು.

ಐದು ಗಂಟೆಗೆ ಮೇಡಂ ಬಂದರು. ಮೊದಲು ನಮಗಿಂತ ಮೇಲೆ ಹಳ್ಳದಿಂದ ನೀರು ತಂದರು, ಆಮೇಲೆ ನಮಗಿಂತ ಕೆಳಗೆ, ನಮ್ಮ ನೀರು ಸೇರಿದ ಮೇಲಿನದು. ಇಪ್ಪತ್ತು ಜನ ಕೊಳವೆಯ ಸುತ್ತ ತಲೆ ಬಗ್ಗಿಸಿ ನಿಂತರು. ಮೇಲಿನ ನೀರು ನಲವತ್ತೆಂಟು. ಕೆಳಗಿನ ನೀರು ತುಂಬುತ್ತ ಹೋದರು. ಮೂವತ್ತು ದಾಟಿತು. ನಲವತ್ತು ದಾಟಿತು. ನಲವತ್ತೆಂಟಕ್ಕೆ ನಿಂತಿತು.

ಹಳದಿ ಕಾಗದ ಅದ್ದಲು ನಾನೇ ಹೇಳಿದೆ. ಕಾಗದ ನೀಲಿಯಾಗಲಿಲ್ಲ.

ಮೇಡಂ ಕೊಳವೆ ಒರೆಸುತ್ತ, "ಹಳ್ಳಕ್ಕೆ ನೀವು ಇಲ್ಲಿ ಇದ್ದೀರಿ ಅಂತಲೇ ಗೊತ್ತಾಗಿಲ್ಲ ಅಣ್ಣಾ" ಎಂದರು.

ಏನು ಕೂಗು, ಏನು ಶಿಳ್ಳೆ! ಒಂದು ಕೊಳವೆ ನೀರಿಗೆ! ಬಡಗಿ ನನ್ನನ್ನು ಎತ್ತಲು ನೋಡಿ ಆಗದೆ ಕೆಸರಿಗೆ ಬೀಳಿಸಿದ. ಇಂಜಿನಿಯರ್ ಸಾಹೇಬರು ಕೈ ಕೊಟ್ಟು ಎಬ್ಬಿಸಿದರು. ಬೀಗದ ಕೈ ಮಾತ್ರ ಮತ್ತೆ ಕೇಳಲಿಲ್ಲ. ಐವತ್ತು ನಿಮಿಷದಲ್ಲಿ ಗುಂಡಿ ಒಣಗಿಸಿದ ಯಾವ ದಿನವೂ ನನಗೆ ಇಂಥ ಸಂತೋಷ ಆಗಿದ್ದಿಲ್ಲ. ಹೆಂಡತಿ ಬಟ್ಟೆ ನೋಡಿ ಬೈಯಲಿಲ್ಲ, ಬಿಸಿನೀರು ಕಾಯಿಸಿ ಇಟ್ಟಿದ್ದಳು.

ಆದರೆ ಕೆಳಗೆ ಏನಾಯಿತೋ ಇನ್ನೂ ಗೊತ್ತಿಲ್ಲ.


ಜುಲೈ 9, ಬುಧವಾರ

ಬೆಳಿಗ್ಗೆ ಏಳಕ್ಕೇ ಹೋದೆ. ಅಕ್ಕನ ಬಾಗಿಲವರೆಗೆ ಹೋದವನಿಗೆ ಕದ ತಟ್ಟಲು ಕೈ ಬರಲಿಲ್ಲ. ಹಿಂದಿರುಗಿಬಿಡೋಣ ಅನ್ನಿಸಿತು.

"ಬೂಟು ಬಿಚ್ಚಿಟ್ಟು ಕಾಲು ತೊಳ್ಕೊಂಡು ಬಾ. ನಿನ್ನ ಮಣ್ಣು ನನ್ನ ತೊಟ್ಟಿಗೆ ಬೇಡ" ಎಂಬ ದನಿ ಒಳಗಿನಿಂದ ಬಂತು.

ತೊಳೆದುಕೊಂಡು ಹೋದೆ. ಅಕ್ಕ ದುಂಡನೆಯ ತೊಟ್ಟಿಯ ಅಂಚಿನಲ್ಲಿ ಕುಳಿತಿದ್ದಳು. ಬಗ್ಗಿ ನೋಡಿದೆ. ಮೊದಲು ಏನೂ ಕಾಣಲಿಲ್ಲ. ಅವಳು ಒಂದು ಬಿಳಿ ತಟ್ಟೆಯನ್ನು ನೀರಿನೊಳಗೆ ಹಿಡಿದಳು. ತಟ್ಟೆಯ ಮೇಲೆ ರೆಪ್ಪೆಗೂದಲಿನಂಥ ಮರಿಗಳು, ನೂರಾರು, ಒಂದೇ ಸಮನೆ ಮಿಡುಕುತ್ತ, ಹರಿವಿಗೆ ಎದುರಾಗಿ ಈಜುತ್ತಿದ್ದವು. ತೊಟ್ಟಿಯ ತುಂಬ ಅವೇ. ಅಂಥ ಮೂರು ತೊಟ್ಟಿ.

"ನಿನ್ನೆ ಹೇಗೆ ಸುಧಾರಿಸಿದೆ?" ಎಂದೆ. "ಮಳೇಲಿ ಹಳ್ಳದ ತೂಬು ಮುಚ್ಚಿರ್ತೀಯ, ಬಾವಿ ನೀರು ಸಾಲದು ಅಂದ್ಳು ನಮ್ಮನೆಯವಳು."

"ಮುಚ್ಚಿರಲಿಲ್ಲ."

"ಅಂದ್ರೆ?"

"ಎರಡು ಗಂಟೆಗೆ ಬಾವಿ ಕೈಕೊಟ್ಟಿತು. ಮರಿ ಬಾಯಿ ಬಿಡ್ತಾ ಇದ್ವು. ಹಳ್ಳಕ್ಕೆ ಹೋಗಿ ನೋಡಿದೆ. ಕಾಗದ ಅದ್ದಿದೆ. ಚೆನ್ನಾಗೇ ಇತ್ತು. ಮೂರು ಗಂಟೆಗೆ ತೂಬು ಪೂರ್ತಿ ತೆರೆದೆ."

"ಮೂರು ಗಂಟೆಗಾ! ಅಷ್ಟು ಮಳೇಲಿ! ನಡುವೆ ಕೆಸರು ಬಂದಿದ್ರೆ?"

"ಬರಲ್ಲ ಅಂದುಕೊಂಡೆ" ಎಂದಳು ಅಕ್ಕ. "ಮೇಲೆ ನೀನಿದ್ದೆಯಲ್ಲ."

ಮೂರು ಗಂಟೆಗೆ ನಾನು ಚೀಲದ ಮೇಲೆ ಮಲಗಿದ್ದೆ. ಹೇಳಲಿಲ್ಲ. ಅವತ್ತಿನಿಂದ ಒಳಗೆ ಸಿಕ್ಕಿಕೊಂಡಿದ್ದ ಮಾತು ಆಗ ಹೊರಗೆ ಬಂತು.

"ಅಕ್ಕಾ, ಆ ಮಂಗಳವಾರದ ನೀರು. ಅದನ್ನ ಬಿಟ್ಟಿದ್ದು ಮಳೆಯಲ್ಲ. ನಾನು. ತಪ್ಪಾಯ್ತು."

ಅವಳು ತಟ್ಟೆಯನ್ನು ಮೆಲ್ಲಗೆ ಎತ್ತಿ ಮರಿಗಳನ್ನು ನೀರಿಗೆ ಬಿಟ್ಟಳು. ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಆಮೇಲೆ ಒದ್ದೆ ಕೈಯಿಂದ ನನ್ನ ತಲೆಗೆ ಒಂದು ಕೊಟ್ಟಳು, ಚಿಕ್ಕಂದಿನಲ್ಲಿ ಕೊಡುತ್ತಿದ್ದಷ್ಟೇ ಜೋರಾಗಿ.

"ನಿಂತ್ಕೊಂಡು ಅಳೋಕೆ ಬಂದ್ಯಾ? ಇವನ್ನೆಲ್ಲ ದೊಡ್ಡ ಕೊಳಕ್ಕೆ ಬಿಡಬೇಕು ಇವತ್ತು. ಹಿಡಿ ಆ ಬಟ್ಟೆ ತುದೀನ."

ಹಿಡಿದೆ. ಮರಿ ತುಂಬಿದ ಬಟ್ಟೆಯನ್ನು ಇಬ್ಬರೂ ಎರಡು ಕಡೆಯಿಂದ ನೀರಿನಲ್ಲೇ ತೇಲಿಸಿಕೊಂಡು ಬಕೆಟ್ಟಿಗೆ, ಬಕೆಟ್ಟಿನಿಂದ ಕೊಳಕ್ಕೆ ತಂದೆವು. ಅಂಚು ತಗ್ಗಿಸಿದಾಗ ಒಂದು ಕ್ಷಣ ಅವು ಅಲ್ಲೇ ಗುಂಪಾಗಿ ನಿಂತವು, ಆಮೇಲೆ ಹೊರಟುಹೋದವು. ಅಕ್ಕ "ಹೋಗ್ರಪ್ಪಾ, ಹೋಗಿ" ಎಂದಳು. ಹನ್ನೊಂದು ಗಂಟೆಯವರೆಗೂ ಬಕೆಟ್ ಮೇಲೆ ಬಕೆಟ್ ಹೊತ್ತೆವು. ಬಿಟ್ಟದ್ದು ಎಷ್ಟು ಎಂದು ಕೇಳಿದರೆ, ಲಕ್ಷದ ಮೇಲೆ ಎಷ್ಟೋ ಎಂದಳು. ಅಷ್ಟೂ ಬದುಕಿದ್ದವು.